ಒಂದೇ ಸಲ ಕೇಳಿದ ಡ್ರಾ

ಸಂತೋಷ ಹೆಚ್ಚಾದರೆ ನನಗೆ ನೆಲ ಕಾಣುವುದಿಲ್ಲ. ಹೊಸನಗರದ ಚೆಸ್ ಪಂದ್ಯ ನೋಡಿಕೊಂಡು ಬಂದ ಮೇಲೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದೇನೆ. ಯಾರೂ ಬೈದಿಲ್ಲ, ಬೈದಿದ್ದರೂ ಕೇಳಿಸುತ್ತಿರಲಿಲ್ಲ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು. ಚೆಸ್ಸಿನಲ್ಲಿ ನನಗೆ ಗುರುತು ಸಿಗುವುದು ಕುದುರೆಯ ಮುಖ ಒಂದೇ. ಆದರೂ ಮೊಮ್ಮಗಳು ವಿನುತಾ, ಸಾಗರದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ತನ್ನ ಕ್ಲಬ್ಬಿನ ತಂಡದಲ್ಲಿ ಆಡುತ್ತಾಳೆಂದು ಹಟ ಹಿಡಿದು ಜೊತೆಗೆ ಹೋಗಿದ್ದೆ.

ಆ ಸಭಾಭವನದ ಮೌನವನ್ನು ಏನೆಂದು ಹೇಳಲಿ! ಅಷ್ಟು ಜನ ಕೂತಿದ್ದರೂ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಉಸಿರಿಲ್ಲ. ನನ್ನ ಕಣ್ಣು ಎಳೆಯತೊಡಗಿತು. ಅರೆನಿದ್ದೆಯಲ್ಲಿ ಆನೆ ಕುದುರೆಗಳೆಲ್ಲ ಹಲಗೆಯಿಂದ ಇಳಿದು, ತುಮರಿ ಕಡೆಯ ಹಿನ್ನೀರಿನ ಮೇಲೆ ಮಂಜಿನ ಹಾಗೆ ತೇಲುತ್ತಾ ಹೋದವು. ಬಿಳಿ ರಾಣಿ ತಿರುಗಿ ನೋಡಿ ನಕ್ಕಳು, ಥೇಟ್ ನನ್ನ ಅತ್ತೆಯ ಹಾಗೆ. ಅತ್ತೆ ಬದುಕಿದ್ದಾಗ ನನ್ನನ್ನು ನೋಡಿ ನಕ್ಕಿದ್ದೇ ಇಲ್ಲ, ಕನಸಲ್ಲವೇ, ನಕ್ಕರು.

ತಂಡದ ನಾಯಕ ರಾಘು ಕಿವಿಯ ಹತ್ತಿರ ಪಿಸುಗುಟ್ಟಿದಾಗ ಎಚ್ಚರವಾಯಿತು. "ಅಜ್ಜೀ, ಮೂರು ಆಟ ಮುಗೀತು. ಎರಡು ನಮ್ದು, ಒಂದು ತೀರ್ಥಹಳ್ಳಿಯೋರ್ದು. ಉಳ್ದಿದ್ದು ವಿನುತಾಂದೊಂದೇ. ಅವ್ಳು ಸೋಲ್ದಿದ್ರೆ ಸಾಕು, ಡ್ರಾ ಆದ್ರೂ ಕಪ್ ನಮ್ದೇ."

ಅವಳ ಎದುರಿಗೆ ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಕೂತಿದ್ದರು. ಸೋಲುವ ಭಯವೋ, ಊರಿನ ಬಸ್ಸಿನ ಚಿಂತೆಯೋ, ಅವರೇ ಮೆಲ್ಲಗೆ, "ಡ್ರಾ ಮಾಡ್ಕಳಣಾ ತಂಗೀ?" ಎಂದರು.

ವಿನುತಾ ತಲೆ ತಗ್ಗಿಸಿ, "ಅಯ್ಯೋ ಬ್ಯಾಡ, ಇರ್ಲಿ ಸಾರ್" ಎಂದಳು.

ರಾಘು ಹಣೆ ಚಚ್ಚಿಕೊಂಡ. "ಎಂತ ಮಾಡಿದ್ಲು ಅಜ್ಜೀ ಇವ್ಳು!"

ನನಗೆ ಗೊತ್ತಾಗಿಹೋಯಿತು. ಪಂಕ್ತಿಯಲ್ಲಿ ಹೋಳಿಗೆ ಬಂದಾಗ ಮೊದಲ ಸಲಕ್ಕೇ ಹೂಂ ಅನ್ನಬಾರದು, ಇನ್ನೊಂದು ಸಲ ಒತ್ತಾಯ ಮಾಡಿದ ಮೇಲೆ ಎಲೆಯಿಂದ ಕೈ ತೆಗೆಯಬೇಕು ಎಂದು ತಿದ್ದಿ ಬೆಳೆಸಿದವಳು ನಾನೇ. ಹುಡುಗಿ ಉಪಚಾರಕ್ಕೆ ಕಾಯುತ್ತಿದ್ದಾಳೆ! ಆಸೆಯಿಂದ ಮೇಷ್ಟ್ರ ಬಾಯನ್ನೇ ನೋಡುತ್ತಿದ್ದಾಳೆ. ಚೆಸ್ಸಿನಲ್ಲಿ ಉಪಚಾರ ಎಲ್ಲಿಂದ ಬರಬೇಕು? ಮೇಷ್ಟ್ರು ಮತ್ತೆ ಕೇಳಲಿಲ್ಲ.

ಆದರೆ ಅವರಿಗೆ ಅನುಮಾನ ಹತ್ತಿತು. ಡ್ರಾ ಬೇಡವೆಂದವಳು ಏನೋ ಭಾರಿ ಹೊಂಚು ಹಾಕಿರಬೇಕು! ಕನ್ನಡಕ ಒರೆಸಿಕೊಂಡು ಹಲಗೆಯ ಮೂಲೆ ಮೂಲೆ ಜಾಲಾಡಿದರು. ಇಲ್ಲದ ಹುಲಿಯನ್ನು ಹುಡುಕುತ್ತಾ ಹುಡುಕುತ್ತಾ ಆಟಕ್ಕೆಂದು ಅವರ ಪಾಲಿಗೆ ಇಟ್ಟಿದ್ದ ಗಡಿಯಾರದ ಹೊತ್ತೇ ಮುಗಿದುಹೋಯಿತು. ಹೊತ್ತು ಮುಗಿದವರು ಸೋತ ಲೆಕ್ಕವಂತೆ. ನಮ್ಮ ಹುಡುಗಿ ಗೆದ್ದಳು!

ಕುಣಿಯಬೇಕೆನಿಸಿತು; ಮಂಡಿ ಒಪ್ಪಲಿಲ್ಲ. "ಎಂಥಾ ಧೈರ್ಯ!" ಎಂದು ಎಲ್ಲರೂ ಅವಳನ್ನು ಸುತ್ತಿಕೊಂಡರು. ಅವಳು ಮಾತ್ರ ಇನ್ನೂ ಬೆವರುತ್ತಿದ್ದಳು. ಮೇಷ್ಟ್ರು ನನ್ನ ಬಳಿಗೆ ಬಂದು, "ಡ್ರಾ ಬ್ಯಾಡ ಅನ್ನಕ್ಕೆ ಗುಂಡಿಗೆ ಬೇಕು. ಯಾರಮ್ಮಾ ಇವ್ಳಿಗೆ ಕಲ್ಸಿದ್ದು?" ಎಂದು ಕೇಳಿದರು.

"ನಾನೇ ಸಾರ್" ಎಂದುಬಿಟ್ಟೆ. ಇನ್ನೊಂದು ಸಲ ಕೇಳಲಿ ಎಂದು ಕಾಯಲಿಲ್ಲ.