ಮೇಜು ತಟ್ಟುವ ಮೊಮ್ಮಗಳು

ನನ್ನ ಮೊಮ್ಮಗಳು ಶಿಫಾ ಚೀನಾದಿಂದ ಬಂದಳು. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದ ಸಂಗತಿ ಆಮೇಲೆ. ಮಸ್ಕತ್ತಿನ ಬೌಷರಿನಲ್ಲಿರುವ ನಮ್ಮ ಕಟ್ಟಡದ ವಾಚ್‌ಮನ್ನನಿಗೆ ಹೇಳಿದೆ, ಇಸ್ತ್ರಿ ಅಂಗಡಿಯವನಿಗೆ ಹೇಳಿದೆ, ಲಿಫ್ಟಿನಲ್ಲಿ ಸಿಕ್ಕಿದ ಫಿಲಿಪೈನ್ಸಿನ ಹೆಂಗಸಿಗೂ ಕೈಯಲ್ಲೇ ವಿಮಾನ ಹಾರಿಸಿ ಇಳಿಸಿ ತೋರಿಸಿದೆ. ಆಕೆ ಪಾಪ, ನಾನೇ ಊರಿಗೆ ಹೊರಟಿದ್ದೇನೆ ಅಂದುಕೊಂಡು ಟಾಟಾ ಮಾಡಿದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಸಂತೋಷವನ್ನು ಒಳಗೆ ಇಟ್ಟುಕೊಳ್ಳುವ ಪಾಠ ಬಹುಶಃ ನಾಲ್ಕನೇ ಕ್ಲಾಸಿನಲ್ಲಿ ಇತ್ತೋ ಏನೋ.

ಅವಳು ಹೋದದ್ದು ಎಕ್ಸ್‌ಚೇಂಜ್ ಎಂಬ ಲೆಕ್ಕದಲ್ಲಿ. ಮಸ್ಕತ್ತಿನ ಅವಳ ಕಾಲೇಜಿನಿಂದ ಒಬ್ಬರು ಅಲ್ಲಿಗೆ, ಅಲ್ಲಿಂದ ಒಬ್ಬರು ಇಲ್ಲಿಗೆ. ಎಕ್ಸ್‌ಚೇಂಜ್ ಅಂದರೆ ನನಗೆ ಗೊತ್ತಿದ್ದದ್ದು ಹಳೇ ಫ್ರಿಜ್ಜು ಕೊಟ್ಟು ಹೊಸದು ತರುವುದು. ಹಾಗಾಗಿ ಶಿಫಾ ಹೋದ ಮೇಲೆ ಅವಳ ಕೋಣೆಗೆ ಒಂದು ಚೀನಾದ ಮಗು ಬರುತ್ತದೆ ಎಂದು ಹೊಸ ಹೊದಿಕೆ ಹಾಸಿ ಸುಮಾರು ದಿನ ಕಾದೆ. ಯಾರೂ ಬರಲಿಲ್ಲ. ಅಲ್ಲಿಂದ ಬಂದವರು ಹಾಸ್ಟೆಲಿನಲ್ಲಿ ಇರುತ್ತಾರಂತೆ. ನನಗೆ ಯಾರು ಹೇಳಬೇಕು.

ಅವಳನ್ನು ಕಳಿಸಲು ನನ್ನ ಸೊಸೆ ಜೊಹರಾಗೆ ಸುತರಾಂ ಮನಸ್ಸಿರಲಿಲ್ಲ. "ಅಷ್ಟು ದೂರ ಹೋದ ಮಕ್ಕಳು ನಮ್ಮ ಮರ್ಯಾದೆ ಮರೆತೇ ಬರುವುದು ಮಾಮ" ಎಂದಳು. ನಾನು ಎದೆ ತಟ್ಟಿ, "ನಾನಿದ್ದೇನೆ. ನನ್ನ ಮೊಮ್ಮಗಳು ಹೋದ ಹಾಗೇ ಬರುತ್ತಾಳೆ. ಇಲ್ಲದಿದ್ದರೆ ನನ್ನನ್ನು ಕೇಳು" ಎಂದೆ. "ಕೇಳ್ತೇನೆ" ಎಂದಳು ಜೊಹರಾ. ಅವಳು ಹೇಳಿದ ಮಾತು ಬಿಡುವವಳಲ್ಲ. ಈಗ ಶಿಫಾಗೆ ಇನ್ನೊಂದು ವರ್ಷ ಅಲ್ಲೇ ಓದುವ ಅವಕಾಶ ಬಂದಿದೆ. ಹುಡುಗಿಗೆ ಹೋಗಲೇಬೇಕೆಂಬ ಆಸೆ. ಜೊಹರಾ ಮಾತ್ರ, "ಸ್ವಲ್ಪ ದಿನ ನೋಡಿ ಹೇಳ್ತೇನೆ" ಎಂದಿದ್ದಳು. ಏನು ನೋಡುತ್ತಾಳೆ ಎಂಬುದು ನನಗೂ ಗೊತ್ತು, ಶಿಫಾಗೂ ಗೊತ್ತು.

ಬಂದ ದಿನವೇ ನನಗೆ ಮೊದಲ ಆಘಾತ. ಹೊರಗೆ ಬಿಸಿಲು ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವಷ್ಟು. ನಾನು ಫ್ರಿಜ್ಜಿನಿಂದ ತಣ್ಣನೆಯ ಮಜ್ಜಿಗೆ ತೆಗೆದರೆ ಹುಡುಗಿ, "ನನಗೆ ಬಿಸಿನೀರು ಸಾಕು ಅಜ್ಜ" ಎಂದಳು. ಅಲ್ಲಿ ಎಲ್ಲರೂ ಕುಡಿಯುವುದೇ ಬಿಸಿನೀರಂತೆ, ಕಾಲೇಜಿನಲ್ಲಿ ಪ್ರತಿ ಮಾಳಿಗೆಗೂ ಒಂದು ಬಾಯ್ಲರಂತೆ. ಈ ಊರಿನ ಬೇಸಗೆಯಲ್ಲಿ ನಲ್ಲಿ ತಿರುಗಿಸಿದರೆ ಬರುವುದೇ ಚಹಾ ಮಾಡುವಂಥ ನೀರು, ಅದಕ್ಕಾಗಿ ಚೀನಾಕ್ಕೆ ಹೋಗಬೇಕಿತ್ತಾ? ಎರಡನೆಯದು, ಮಧ್ಯಾಹ್ನ ಊಟವಾದ ಮೇಲೆ ಅಲ್ಲಿ ಮಕ್ಕಳು ಕ್ಲಾಸಿನಲ್ಲೇ ಡೆಸ್ಕಿಗೆ ತಲೆಕೊಟ್ಟು ನಿದ್ದೆ ಮಾಡುತ್ತಾರಂತೆ, ಯಾರೂ ಬೈಯುವುದಿಲ್ಲವಂತೆ. ನನ್ನನ್ನು ಶಾಲೆ ಬಿಡಿಸಿದ್ದರಲ್ಲಿ ಆ ನಿದ್ದೆಯ ಪಾಲೂ ಇದೆ. ನಾನು ಹುಟ್ಟಬೇಕಾದ ದೇಶ ತಪ್ಪಿತು ಎಂದು ಗೊತ್ತಾದದ್ದು ಈ ವಯಸ್ಸಿನಲ್ಲಿ.

ಇವನ್ನೆಲ್ಲ ಸಹಿಸಿಕೊಂಡೆ. ಮೂರನೆಯದನ್ನು ಮಾತ್ರ ಸಹಿಸಲಾಗಲಿಲ್ಲ. ಅದು ಅರ್ಥವಾಗಬೇಕಾದರೆ ನನ್ನ ಕಸುಬು ನಿಮಗೆ ಗೊತ್ತಿರಬೇಕು. ನಾನು ಒಮಾನಿನದೇ ರುಸ್ತಾಕ್ ಊರಿನ ಕೋಟೆಯ ಹತ್ತಿರ ಒಂದು ಕೆಫೆಟೇರಿಯಾದಲ್ಲಿ ತಲೆ ನರೆಯುವವರೆಗೆ ಚಹಾ ಮಾಡಿದವನು. ಹೊರಗಿನವರು ಕಾರಿನಲ್ಲಿ ಕೂತೇ ಹಾರನ್ ಹೊಡೆಯುತ್ತಾರೆ, ಒಳಗಿನವರು ಬೆರಳಿನಲ್ಲಿ ಮೇಜು ತಟ್ಟುತ್ತಾರೆ. ಎರಡರ ಅರ್ಥವೂ ಒಂದೇ: ಚಹಾ ತಾ, ಯಲ್ಲಾ, ಬೇಗ. ಅದರಲ್ಲಿ ಅವರ ತಪ್ಪೇನೂ ಇಲ್ಲ, ಅದು ಅಂಗಡಿಯ ಭಾಷೆ. ಕೆಲಸ ಬಿಟ್ಟು ಮಗನ ಮನೆಗೆ ಬಂದ ಮೇಲೂ ರಸ್ತೆಯಲ್ಲಿ ಹಾರನ್ ಕೇಳಿದರೆ ನಾನು ಸೋಫಾದಿಂದ ಅರ್ಧ ಏಳುತ್ತೇನೆ. ಮನೆಯಲ್ಲಿ ಚಹಾ ಇಂದಿಗೂ ನನ್ನದೇ ಇಲಾಖೆ, ಆದರೆ ಇಲ್ಲಿ ನಾನು ಅಜ್ಜ, ಯಾರೂ ತಟ್ಟುವುದಿಲ್ಲ.

ಮರುದಿನ ಬೆಳಿಗ್ಗೆ ಶಿಫಾಳ ಲೋಟಕ್ಕೆ ಚಹಾ ಹೊಯ್ಯುತ್ತಿದ್ದೆ. ಅವಳು ಅಪ್ಪನ ಹತ್ತಿರ ಏನೋ ಮಾತಾಡುತ್ತಾ, ನನ್ನ ಕಡೆ ನೋಡದೆ, ಎರಡು ಬೆರಳಿನಿಂದ ಮೇಜು ತಟ್ಟಿದಳು. ಟಕ್ ಟಕ್.

ಎತ್ತಿ ಆಡಿಸಿದ ಮಗು, ಅಜ್ಜನಿಗೆ ಮೇಜು ತಟ್ಟುತ್ತದೆ. ಆದರೆ ನಿಜ ಹೇಳುತ್ತೇನೆ, ನನ್ನ ಕಣ್ಣು ಮೊದಲು ಹೋದದ್ದು ಜೊಹರಾಳ ಕಡೆ. ಪುಣ್ಯಕ್ಕೆ ಅವಳು ಒಲೆಯ ಕಡೆ ತಿರುಗಿದ್ದಳು. ಇದನ್ನು ನೋಡಿದರೆ ಹುಡುಗಿಯ ಚೀನಾ ಖಲಾಸ್, ಜಾಮೀನು ನಿಂತ ನಾನೂ ಖಲಾಸ್.

ಅಂದಿನಿಂದ ನನಗೆ ಮುಚ್ಚಿಡುವ ಉದ್ಯೋಗ. ಶಿಫಾ ತಟ್ಟುವ ಹೊತ್ತಿಗೆ ಜೋರಾಗಿ ಕೆಮ್ಮುತ್ತಿದ್ದೆ. ಕೆಮ್ಮಿಗೆ ಜೊಹರಾ ಕಷಾಯ ಕುಡಿಸತೊಡಗಿದಳು. ಆಮೇಲೆ ಮೇಜಿನ ಮೇಲೆ ದಪ್ಪ ಕಂಬಳಿ ಹಾಸಿದೆ, ಸದ್ದು ಕೇಳಿಸದ ಹಾಗೆ. "ಎಂತ ಮಾಮ, ಮೇಜಿಗೂ ಚಳಿಯಾ?" ಎಂದು ಸೊಸೆ ಅದನ್ನು ಎಳೆದು ಮಡಚಿಟ್ಟಳು. ಶಿಫಾಗೇ ಒಂದು ಮಾತು ಹೇಳಬಹುದಿತ್ತು. ಆದರೆ "ಹೌದು ಅಜ್ಜ, ನೀನು ಚಹಾದವನೇ ಅಲ್ವಾ" ಅಂದುಬಿಟ್ಟರೆ? ಆ ಹೆದರಿಕೆಗೆ ಬಾಯಿ ಬರಲಿಲ್ಲ.

ನಿನ್ನೆ ಸಂಜೆ ಸಿಕ್ಕಿಬಿದ್ದೆವು. ನಾನು ಹೊಯ್ದೆ, ಅವಳು ತಟ್ಟಿದಳು, ಜೊಹರಾ ಎದುರಿಗೇ ನಿಂತಿದ್ದಳು.

"ಎಂತದು ಅದು?"

"ನಾನು ತಟ್ಟಿದ್ದು" ಎಂದೆ.

"ಎರಡು ಕೈಯಲ್ಲಿ ಕೆಟಲ್ ಹಿಡ್ಕೊಂಡು ಯಾವ ಕೈಯಲ್ಲಿ ತಟ್ಟಿದ್ರಿ ಮಾಮ?" ಮಗಳ ಕಡೆ ತಿರುಗಿ, "ಅಜ್ಜ ಎಂತ ನಿನ್ನ ಹೋಟೆಲಿನವರಾ?" ಎಂದಳು.

ಶಿಫಾ ಒಮ್ಮೆ ಅಮ್ಮನನ್ನು, ಒಮ್ಮೆ ನನ್ನನ್ನು ನೋಡಿದಳು. "ಓ ನೋ ಅಜ್ಜ, ನೀನು ಹಾಗೆ ಅಂದ್ಕೊಂಡ್ಯಾ?" ಅವಳ ಮುಖ ಕೆಂಪಾಯಿತು. ಅವಳಿದ್ದದ್ದು ಗ್ವಾಂಗ್‌ಝೌ ಎಂಬ ಊರು. ಜೊತೆಗೆ ಓದುವ ಹುಡುಗಿಯ ಅಜ್ಜ ಶಿಫಾಳನ್ನೂ ಬೆಳಗಿನ ಚಹಾದ ಅಂಗಡಿಗೆ ಕರೆದೊಯ್ಯುತ್ತಿದ್ದರಂತೆ. ಅಲ್ಲಿ ಯಾರಾದರೂ ನಮಗೆ ಚಹಾ ಹೊಯ್ದರೆ ಎರಡು ಬೆರಳಿನಿಂದ ಮೇಜು ತಟ್ಟಬೇಕು. ಮಾತು ನಿಲ್ಲಿಸದೆ ಥ್ಯಾಂಕ್ಸ್ ಹೇಳುವ ಕ್ರಮ ಅದು. "ಆ ಅಜ್ಜ ಹೊಯ್ದಾಗೆಲ್ಲ ನಿನ್ನದೇ ನೆನಪು. ಇಷ್ಟು ವರ್ಷ ನೀನು ಚಹಾ ಕೊಟ್ಟೆ, ನಾನು ಒಂದು ಸಲವೂ ಥ್ಯಾಂಕ್ಸ್ ಹೇಳಿರಲಿಲ್ಲ. ಅದಕ್ಕೆ ಬಂದಾಗಿನಿಂದ ತಟ್ಟುತ್ತಾ ಇದ್ದೇನೆ" ಎಂದಳು.

ನನಗೆ ಇನ್ನೊಂದು ಆಘಾತ. ನಾನು ಕೆಮ್ಮಿ ಮುಚ್ಚಿದ್ದು, ಕಂಬಳಿ ಹಾಸಿ ಅಡಗಿಸಿದ್ದು, ನನಗೆ ಬಂದ ಥ್ಯಾಂಕ್ಸನ್ನೇ. ಜೊಹರಾ ಮಾತ್ರ ಒಳಗೆ ಹೋಗಿ ಕೋಳಿ ತೊಳೆಯತೊಡಗಿದಳು.

ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಅಕ್ಕಿರೊಟ್ಟಿ, ಕೋಳಿಸಾರು, ಜೊತೆಗೆ ನನ್ನ ಸುಲೈಮಾನಿ, ಹಾಲಿಲ್ಲದ ಚಹಾ. ಶಿಫಾ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದಳು. ನಾನು ಒಂದು ಸುತ್ತು ಹೊಯ್ಯುತ್ತಾ ಬಂದೆ. ಶಿಫಾ ಮೆಲ್ಲನೆ ತಟ್ಟಿದಳು. ಮಗ ನಿಸಾರ್ ನಗುತ್ತಾ ತಟ್ಟಿದ. ಕೊನೆಗೆ ಜೊಹರಾಳ ಲೋಟಕ್ಕೆ ಹೊಯ್ದೆ. ಅವಳು ಮಗಳಿಗೆ ಸಾರು ಬಡಿಸುತ್ತಾ, "ಈ ಸಲ ಹೋಗುವಾಗ ಆ ಅಜ್ಜನಿಗೆ ಸ್ವಲ್ಪ ಹಲ್ವ ತಗೊಂಡು ಹೋಗು" ಎಂದಳು. ಆಮೇಲೆ ನನ್ನ ಕಡೆ ನೋಡದೆಯೇ, ಸಾರು ಮೆತ್ತಿದ ಎರಡು ಬೆರಳಿನಿಂದ ಮೇಜು ತಟ್ಟಿದಳು. ಟಕ್ ಟಕ್.

ಶಿಫಾ ಅಮ್ಮನನ್ನು ಅಪ್ಪಿಕೊಂಡಳು, ನಿಸಾರ್ ಏನೋ ತಮಾಷೆ ಮಾಡಿದ, ಎಲ್ಲರೂ ನಕ್ಕರು. ಎಲ್ಲಿ ನನ್ನ ರೊಟ್ಟಿ, ಎಲ್ಲಿ ನನ್ನ ಕುರ್ಚಿ ಎಂದು ನೋಡುವಷ್ಟರಲ್ಲಿ ನಾನು ಅಡುಗೆಮನೆಯಲ್ಲಿದ್ದೆ. ಕೆಟಲ್ ಒಲೆಯ ಮೇಲಿತ್ತು, ಹೊಸ ನೀರು ಕುದಿಯುತ್ತಿತ್ತು. "ಯಾರು ಕೇಳಿದ್ದು ಮಾಮ? ಬಂದು ಊಟ ಮಾಡಿ" ಎಂದು ಜೊಹರಾ ಕರೆದಳು. ಮೂರು ಮಂದಿ ತಟ್ಟಿದ್ದರಲ್ಲ, ನನ್ನ ಕಾಲಿಗೆ ಇನ್ನೂ ಚೀನಾದ ಅರ್ಥ ಗೊತ್ತಾಗಿರಲಿಲ್ಲ.