ಗುರುಪಾದ ಹೊಡೆದ ಕಸದ ಎಣ್ಣೆ

"ಕಬ್ಬಿಗೆ ಈಗಿನ್ನ ಎರಡ ತಿಂಗಳು. ಇನ್ನೊಂದ ಹದಿನೈದ ದಿನಾ ಕಸಾ ಬಿಟ್ರ, ಗೊಬ್ಬರ, ನೀರ ಎಲ್ಲಾ ಅದ ತಿಂದ ಹೋಗತೈತಿ, ಕಬ್ಬ ಮರಿ ಒಡಿಯೂದಿಲ್ಲ. ಇವತ್ತ ಕುರ್ಪಿ ಹಿಡದ ಕಸಾ ಕೀಳ್ರಿ!" ಎಂದು ಗಂಡನಿಗೆ ತಾಕೀತು ಮಾಡಿ ನೀಲವ್ವ ತವರಿನ ಬಸ್ಸು ಹತ್ತಿದಳು. ಹೊಲವೂ ಅವಳ ತವರಿನವರು ಕೊಟ್ಟದ್ದೇ. ಸಂಜೆ ಐದರ ಬಸ್ಸಿಗೆ ವಾಪಸು.

ಗುರುಪಾದನಿಗೆ ಕುರ್ಪಿ ನೋಡಿದರೇ ಸೊಂಟ ಹಿಡಿಯುತ್ತಿತ್ತು. ಕೊಟ್ಟಿಗೆಯಲ್ಲಿ ಕಸದ ಎಣ್ಣೆಯ, ಅಂದರೆ ಕಳೆನಾಶಕದ, ಡಬ್ಬಿ ಕಂಡಿತು. ಪಂಪು ಬೆನ್ನಿಗೇರಿಸಿ ಹತ್ತು ಗಂಟೆಯೊಳಗೆ ಅರ್ಧ ಎಕರೆಗೂ ಹೊಡೆದು ಮುಗಿಸಿ, ಬೇವಿನ ನೆರಳಿಗೆ ಕುಳಿತ.

ಪಕ್ಕದ ಹೊಲದ ಸತ್ಯಪ್ಪ ಕಾಕಾ ಬಂದು ಖಾಲಿ ಡಬ್ಬಿ ಎತ್ತಿ ನೋಡಿದರು. "ಏನ ಮಾಡಿದ್ಯೋ ಹುಚ್ಚಾ! ಇದು ಬದುವಿಗೆ ಹೊಡಿಯೂ ಎಣ್ಣಿ. ಹಸರ ಕಂಡದ್ದೆಲ್ಲಾ ಸುಡತೈತಿ. ಕಬ್ಬೂ ಹೋತು, ನೀನೂ ಹೋದಿ!"

ಗುರುಪಾದನಿಗೆ ಹೊಲವೆಲ್ಲ ಆಗಲೇ ಹಳದಿಯಾದಂತೆ ಕಂಡಿತು. ನೀಲವ್ವನ ಮುಖ ನೆನೆದು ತಲೆಯ ಮೇಲೆ ಕೈ ಹೊತ್ತು ಕುಳಿತ.

"ಸುಮ್ನ ಕುಂತ್ರ ಹೆಂಗ? ಎಣ್ಣಿ ಒಣಗೂದ್ರಾಗ ಎಲಿ ತೊಳೀಬೇಕು" ಎಂದಳು ಆಚೆ ಹೊಲದ ಬಾಳವ್ವ. "ಏ, ಎಲ್ಲಾರೂ ಬರ್ರಿ! ಗುರುಪಾದಗ ಮುಯ್ಯಿ ಮಾಡೂಣು!"

ಕಾಕಾ, ಬಾಳವ್ವ ಸೇರಿ ಹದಿಮೂರು ಮಂದಿ ಕೊಡ, ಬಕೀಟು ಹಿಡಿದರು. ಕಾಲುವೆಯಿಂದ ನೀರು ತಂದು ಸಾಲುಸಾಲಿಗೂ ಸುರಿದರು. "ಬೇರಿಗೆ ಯೂರಿಯಾ ಕೊಡೋ, ಜೀವಾ ಬರತೈತಿ" ಎಂದರು ಕಾಕಾ. ಗುರುಪಾದ ಮನೆಯಲ್ಲಿದ್ದ ಇಡೀ ಚೀಲ ತಂದು ಎರಚಿದ. ರಸ್ತೆಯಲ್ಲಿ ಹಾರ್ನು ಕೇಳಿದಾಗಲೆಲ್ಲ ನೀಲವ್ವನ ಬಸ್ಸೇ ಬಂತೆಂದು ತಿರುಗಿ ನೋಡುತ್ತಿದ್ದ.

ಐದರ ಬಸ್ಸಿಳಿದು ನೀಲವ್ವ ಬದುವಿನ ಮೇಲೆ ನಿಂತಿದ್ದಳು. ಗುರುಪಾದ ಡಬ್ಬಿ ಮುಂದಿಟ್ಟು, ಎಲ್ಲ ಒಪ್ಪಿಕೊಂಡ.

"ಇದ? ಇದರಾಗಿನ ಎಣ್ಣಿ ಹೋದ ತಿಂಗಳ ತೀರೇತಿ. ಬೆಳಿಗೆ ಹೊಡಿಯೂ ಟಾನಿಕ್ಕಿನ ಬಾಟ್ಲಿ ಒಡದಿತ್ತಂತ ಡಬ್ಬಿ ತೊಳದ ಇದರಾಗ ಹಾಕಿಟ್ಟಿದ್ನಿ."

"ಹಂಗಾರ ಕಬ್ಬ ಉಳೀತು!" ಗುರುಪಾದ ಕುಣಿದೇಬಿಟ್ಟ.

"ಕಬ್ಬ ಉಳೀತು. ಟಾನಿಕ್ಕು, ನೀರು, ಯೂರಿಯಾ ಎಲ್ಲಾ ಕುಡದ ಕಸಾನೂ ಉಳೀತು! ಇನ್ನ ನಾಕ ದಿನಕ್ಕ ಕಸದಾಗ ಕಬ್ಬ ಹುಡಕಬೇಕಾಗತೈತಿ. ನಾಳಿ ಮುಂಜಾನಿಂದ ಕೂತ ಕೀಳ್ರಿ!"

"ನಾಳಿ ಹೆಂಗ ಆಗತೈತಿ, ತಂಗಿ?" ಬಾಳವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾವು ಹದಿಮೂರ ಮಂದಿ ಮುಯ್ಯಿ ಬಂದೇವಿ. ಒಬ್ಬೊಬ್ಬರಿಗೆ ಒಂದೊಂದ ದಿನಾ ನಿನ್ನ ಗಂಡ ತಿರುಗಿ ದುಡದ ಕೊಡಬೇಕಲ್ಲ? ನಾಳಿ ನಮ್ಮ ಪಾಳಿ. ಲಗೂನ ಬಾರೋ ಗುರುಪಾದ, ಕುರ್ಪಿ ಮರೀಬ್ಯಾಡ. ನಮ್ಮ ಕಬ್ಬಿನ್ಯಾಗೂ ಕಸಾ ಭಾಳ ಆಗೇತಿ."