ಗಟ್ಟಿ ಕಾಳು, ದಪ್ಪ ಚೀಟಿ

ಒಕ್ಕಲುತನದವರೂ ಆಟದ ಪಂದ್ಯ ನಡೆಸುವವರೂ ಹಂಗಾಮಿಗೆ ಮುಂಚೆ ಮಾಡುವ ಕೆಲಸ ಒಂದೇ: ಗಟ್ಟಿ ಇರುವುದನ್ನು ಆರಿಸುವುದು. ಆರಿಸಿದ್ದನ್ನು ಏನು ಮಾಡಬೇಕೆಂಬಲ್ಲಿ ಮಾತ್ರ ಇಬ್ಬರಿಗೂ ಕೂಡಿಬರುವುದಿಲ್ಲ. ಇದು ನನಗೆ ತಿಳಿದದ್ದು ಹುಮನಾಬಾದಿನ ನಮ್ಮ ಕೇರಂ ಸಂಘದಲ್ಲಿ, ನಾಲ್ಕು ಮಂದಿಯೆದುರು.

ಆ ವರ್ಷ ಕಾರ್ಯದರ್ಶಿ ವೈಜನಾಥನ ಬೆನ್ನು ಹತ್ತಿ ನಾನು ನಾಲ್ಕನೆಯ ‘ಸೀಡ್’ ಆಗಿದ್ದೆ. ಸೀಡ್ ಎಂದರೆ ಬಲವಾದ ಆಟಗಾರ. ಅಂಥವರನ್ನು ಮೊದಲಿಗೇ ಒಬ್ಬರಿಗೊಬ್ಬರು ಎದುರಾಗದಂತೆ ದೂರದೂರ ಇಡುತ್ತಾರೆ. ಬಸವಕಲ್ಯಾಣದ ಚಾಂಪಿಯನ್ ಮಾಣಿಕರಾಯರು ಸೆಮಿಫೈನಲ್‌ತನಕ ನನ್ನ ತಂಟೆಗೆ ಬರುವಂತಿರಲಿಲ್ಲ. ಸೆಮಿಫೈನಲ್ ಮುಟ್ಟಿದವರ ಫೋಟೋ ಸಂಘದ ಗೋಡೆಗೆ ಏರುತ್ತಿತ್ತು. ಫೋಟೋಕ್ಕೆಂದು ಅಂಗಿ ಇಸ್ತ್ರಿ ಮಾಡಿಸಿ, ಯಾವ ಕಡೆ ಮುಖ ತಿರುಗಿಸಿದರೆ ಬೊಕ್ಕತಲೆ ಕಾಣುವುದಿಲ್ಲವೆಂದು ಕನ್ನಡಿ ಮುಂದೆ ಅಭ್ಯಾಸ ಕೂಡ ಮಾಡಿದ್ದೆ.

ಚೀಟಿ ಎತ್ತಲು ನನ್ನ ಹೆಂಡತಿ ಕಸ್ತೂರಬಾಯಿಯನ್ನು ಕರೆದರು. ಅವಳ ತವರು ಮೋರಖಂಡಿಯಲ್ಲಿ ಬಿತ್ತಿಗೆಯ ಮೊದಲ ಹಿಡಿ ಕಾಳು ಅವಳೇ ಹಾಕಬೇಕು, ಅಂಥ ಕೈಗುಣ. ಅವಳು ಎದುರಿನ ಎರಡು ಡಬರಿಗಳಲ್ಲಿ ಇಣುಕಿದಳು. ಒಂದರ ತುಂಬ ತೆಳು ಕಾಗದದ ಚೀಟಿ. ಬದಿಗಿಟ್ಟ ಇನ್ನೊಂದರಲ್ಲಿ ಲಗ್ನಪತ್ರಿಕೆಯ ದಪ್ಪ ಕಾಗದದ ನಾಲ್ಕೇ ಚೀಟಿ.

“ಇವ್ಯಾಕ ಬ್ಯಾರೆ ಇಟ್ಟೀರಿ?”

“ಅವು ಗಟ್ಟಿ ಮಂದೀವು, ವೈನಿ,” ಎಂದ ವೈಜನಾಥ.

“ಅಯ್ಯ ಶಿವನೆ! ಗಟ್ಟಿ ಕಾಳು ಮುಚ್ಚಿಟ್ಟು ಬರೇ ಜೊಳ್ಳು ಬಿತ್ತಾಕತ್ತೀರಿ? ಬೆಳಿ ಹ್ಯಾಂಗ ಬರ್ತದ್ರಿ?”

ನಾವು “ಹಾಂ ಹಾಂ” ಅನ್ನುವುದರೊಳಗೆ ನಾಲ್ಕನ್ನೂ ಸುರಿದು, ಚೆನ್ನಾಗಿ ಕಲಸಿ, ಕಣ್ಣು ಮುಚ್ಚಿ ಮೊದಲ ಸುತ್ತಿನ ಮೊದಲ ಜೋಡಿಗೆ ಎರಡು ಚೀಟಿ ತೆಗೆದಳು. ಗಟ್ಟಿ ಕಾಳು ಆರಿಸಿ ಪಳಗಿದ ಬೆರಳಿಗೆ ದಪ್ಪನವೇ ಹತ್ತಿದವು. ಒಂದು ಮಾಣಿಕರಾಯರು, ಇನ್ನೊಂದು ನಾನು. ಮಂದಿ ಚಪ್ಪಾಳೆ ತಟ್ಟಿಬಿಟ್ಟರು. ಕೈಗುಣದ ಚೀಟಿಯನ್ನು ಮರಳಿ ಹಾಕುವ ಧೈರ್ಯ ಯಾರಿಗಿದೆ?

ಹಲಗೆಗೆ ಪೌಡರ್ ಉದುರಿಸಿದ್ದು ನೆನಪಿದೆ, ಎದ್ದು ಕೈಕುಲುಕಿದ್ದು ನೆನಪಿದೆ. ನಡುವಿನ ಆಟವನ್ನೆಲ್ಲ ಅವರೇ ಆಡಿದರು. ಆ ದಿನ ಹೆಂಡತಿಯೊಡನೆ ಮಾತು ಬಿಟ್ಟೆ, ಊಟಕ್ಕೆ ಕರೆಯುವತನಕ.

ಮುಂದಿನ ಭಾನುವಾರ ಇಬ್ಬರೂ ಆಟ ನೋಡಲು ಹೋದೆವು. ಸೋಡಾ ಅಂಗಡಿಯ ಇಸ್ಮಾಯಿಲ್, ಹೋದ ವರ್ಷ ನಾನೇ ಸ್ಟ್ರೈಕರ್ ಹಿಡಿಯಲು ಕಲಿಸಿದವನು, ಉಳಿದ ಸೀಡ್‌ಗಳಿಬ್ಬರನ್ನೂ ಸಾಲಾಗಿ ಮಲಗಿಸಿದ. “ಉಸ್ತಾದ್, ಸಲಾಂ!” ಎಂದು ಅಲ್ಲಿಂದಲೇ ನನಗೆ ಕೈಯೆತ್ತಿದ.

ಕಸ್ತೂರಬಾಯಿ ಸೆರಗು ಬಾಯಿಗಿಟ್ಟು ನಕ್ಕಳು. “ಇಂವನ ಕೈಯಾಗ ಸಿಕ್ಕಿದ್ರ ಏನಾಗ್ತಿತ್ರಿ? ದೊಡ್ಡವ್ರ ಕೈಲಿ ಸೋತ್ರಿ, ಮಾನ ಉಳೀತು. ಕೈಗುಣ ಇಲ್ಲಂತೀರೇನು?”

ಈಗ ಸಂಘಕ್ಕೆ ಹೊಸಬರು ಬಂದರೆ ಗೋಡೆಯ ಮೇಲಿನ ಮಾಣಿಕರಾಯರ ಫೋಟೋ ತೋರಿಸಿ, “ಆ ವರ್ಷ ನನ್ನನ್ನು ಸೋಲಿಸಲು ಇವರೇ ಬೇಕಾಯಿತು” ಎನ್ನುತ್ತೇನೆ. ಯಾವ ಸುತ್ತಿನಲ್ಲಿ ಎಂದು ಕೇಳಿದರೆ ಮಾತ್ರ, ವಯಸ್ಸಾಯಿತು ನೋಡಿ, ಕಿವಿ ಸ್ವಲ್ಪ ಮಂದ.